ಅಯ್ಯಮ್ಮನ ಬಲಗಣ್ಣು

ನಮ್ಮವರು, ಅಂದರೆ ನನ್ನ ಗಂಡ ಸಿದ್ಧಲಿಂಗೇಶ, ಹೆಣ್ಣು ನೋಡಲು ಬಂದ ದಿನ ಒಂದು ತಟ್ಟೆ ಉಪ್ಪಿಟ್ಟು ಮುಗಿಯುವಷ್ಟರಲ್ಲಿ ನನ್ನನ್ನು ಒಪ್ಪಿದ ಮನುಷ್ಯ. ಕ್ಯಾಮೆರಾ ಒಪ್ಪಲು ಮಾತ್ರ ಅವರಿಗೆ ಹತ್ತಿರ ಹತ್ತಿರ ಒಂದು ವರ್ಷ ಹಿಡಿಯಿತು.

ಎರಡು ಸಾವಿರದ ಆರನೇ ಇಸವಿಯ ಮಾತು. ಎಲ್ಲರೂ ರೀಲು ಬಿಟ್ಟು ಡಿಜಿಟಲ್ ಕಡೆಗೆ ಹೊರಳುತ್ತಿದ್ದರು. ಜೇಬಿನಲ್ಲಿಡುವ ಚಿಕ್ಕ ಕ್ಯಾಮೆರಾ ಇವರ ಅಂತಸ್ತಿಗೆ ಕಮ್ಮಿಯಾಯಿತು, ಲೆನ್ಸ್ ಬದಲಾಯಿಸುವ ದೊಡ್ಡ ಕ್ಯಾಮೆರಾ ನಮ್ಮ ಸಂಬಳಕ್ಕೆ ಜಾಸ್ತಿಯಾಯಿತು. ಹಾಗಾಗಿ ನಡುವಿನದೊಂದು ಬೇಕು. ಆ ನಡುವಿನದರಲ್ಲೇ ಹತ್ತಾರು ಬಗೆ. ಒಂದಕ್ಕೆ ಜೂಮ್ ಉದ್ದ, ಇನ್ನೊಂದಕ್ಕೆ ಕೈ ನಡುಗಿದರೂ ಚಿತ್ರ ನಡುಗದ ವಿದ್ಯೆ, ಮತ್ತೊಂದಕ್ಕೆ ಪೆನ್ಸಿಲ್ ಸೆಲ್ಲು ಸಾಕು. ನಮ್ಮವರು ಮಹದೇವಪುರದ ಒಂದು ಪಂಪು ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್. ಬೆಳಗಿನಿಂದ ಸಂಜೆಯವರೆಗೆ ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕಿ ಸಂಬಳ ತರುವ ಕೆಲಸ. ಅಂಥವರು ಸುಮ್ಮನೆ ಒಂದು ವಸ್ತು ಕೊಳ್ಳುತ್ತಾರೆಯೇ?

ಇಂದಿರಾನಗರದ ಷೋರೂಮಿಗೆ ನನ್ನನ್ನೂ ಎಳೆದುಕೊಂಡು ಹೋಗುತ್ತಿದ್ದರು. ಗಾಜಿನ ಪೆಟ್ಟಿಗೆಯಲ್ಲಿದ್ದುದನ್ನೆಲ್ಲ ಹೊರಗೆ ತೆಗೆಸಿ, ಒಂದೊಂದರಲ್ಲೂ ನನ್ನ ಮೂಗಿನದೋ ಅಂಗಡಿಯ ಗಡಿಯಾರದ್ದೋ ಚಿತ್ರ ತೆಗೆದು, ಹಿಗ್ಗಿಸಿ ನೋಡಿ, "ಅಂಚಿನಲ್ಲಿ ನೇರಳೆ ಬಣ್ಣ ಬರ್ತಿದೆಯಲ್ರೀ" ಎಂದು ಮುಖ ಸಿಂಡರಿಸಿ, ಏನೂ ಕೊಳ್ಳದೆ ಹೊರಟುಬಿಡುತ್ತಿದ್ದರು. ಎರಡನೇ ಸಲ ಹೋದಾಗ ಸೇಲ್ಸಿನ ಹುಡುಗಿ ನಮ್ಮನ್ನು ಕಂಡು ಒಳಗೆ ಹೋಗಿಬಿಟ್ಟಳು. ಹಣ್ಣು ಕೊಳ್ಳುವಾಗಲೂ ಇದೇ ಕಥೆ. ರಸೆಲ್ ಮಾರುಕಟ್ಟೆಯಲ್ಲಿ ಇವರು ದಾಳಿಂಬೆ ರಾಶಿಯ ಮುಂದೆ ಮಂಡಿಯೂರಿ ಒಂದೊಂದನ್ನೇ ತಿರುಗಿಸಿ ನೋಡುತ್ತ ಕುಳಿತಾಗ, ಹಣ್ಣಿನ ಮಂಜೂರ್ ಭಾಯ್ ನನ್ನ ಕಡೆ ನೋಡಿ, "ಬೇಗಮ್ ಸಾಬ್, ಸಾರ್‌ಗೆ ಹಣ್ಣು ಬೇಕಾ, ಹಣ್ಣಿನ ಮಚ್ಚೆ ಬೇಕಾ?" ಎಂದು ಕೇಳಿದ್ದ. ನಾನು ನಾಚಿಕೆಯಿಂದ ಬೇಕಿಲ್ಲದಿದ್ದರೂ ಒಂದು ಕೆ.ಜಿ. ಹಣ್ಣು ತಂದೆ. ಆಗಿನದು ನಗಬಹುದಾದ ನಾಚಿಕೆ.

ಅಂಗಡಿಯಲ್ಲಿ ತೆಗೆದ ಚಿತ್ರ ನಂಬುವಂತಿಲ್ಲವೆಂದು ಆಮೇಲೆ ಕ್ಯಾಮೆರಾಗಳನ್ನೇ ಎರವಲು ತರುವುದಕ್ಕೆ ಶುರು ಮಾಡಿದರು. ಕಾರ್ಖಾನೆಯ ಪಂಚಾಕ್ಷರಯ್ಯನವರದೊಂದು, ಅವರ ಅಳಿಯನದೊಂದು, ಶಿವಾಜಿನಗರದಲ್ಲಿ ಹಳೇ ಕ್ಯಾಮೆರಾ ಮಾರುವ ವಾಜಿದ್‌ನ ಅಂಗಡಿಯಿಂದ ಒಂದಾದ ಮೇಲೊಂದು. ಭಾನುವಾರ ಮನೆಗೆ ತಂದು ಪರೀಕ್ಷೆ. ಪರೀಕ್ಷೆಗೆ ಯಾವಾಗಲೂ ಒಂದೇ ವಸ್ತು ಇರಬೇಕು, ಒಂದೇ ಜಾಗ, ಒಂದೇ ದೂರ, ಒಂದೇ ಬೆಳಕು. ಹಾಗಿದ್ದರೆ ಮಾತ್ರ ಹೋಲಿಕೆ ನ್ಯಾಯವಾಗುತ್ತದೆ ಎಂಬುದು ಕಾರ್ಖಾನೆಯ ಪಾಠ. ಬಂದ ಪ್ರತಿ ಪಂಪಿನಲ್ಲೂ ಅದೇ ತೂತು, ಅದೇ ಅಂಚು ನೋಡಿ ಅಭ್ಯಾಸವಾದ ಕಣ್ಣು ಇವರದು.

ಆ ವಸ್ತು ಅಯ್ಯಮ್ಮ.

ಕೆ.ಆರ್. ಪುರದಲ್ಲಿ ನಮ್ಮ ಮನೆಯ ಮಗ್ಗುಲಿಗೆ ಶೀಟು ಹೊದಿಸಿದ ಸಾಲುಮನೆಗಳಿದ್ದವು. ಸುರಪುರ, ಶಹಾಪುರ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು ಒಂದೊಂದು ಕೋಣೆಯಲ್ಲಿ ಬಾಡಿಗೆಗಿದ್ದರು. ಅದರಲ್ಲಿ ಸೆಂಟ್ರಿಂಗ್ ಕೆಲಸದ ಭಗವಂತರಾಯ, ಅವನ ಹೆಂಡತಿ ಲಕ್ಷ್ಮಿದೇವಿ, ಅವನ ತಾಯಿ ಅಯ್ಯಮ್ಮ. ಮಗ ಸೊಸೆ ಕೆಲಸಕ್ಕೆ ಹೋದಮೇಲೆ ಅಯ್ಯಮ್ಮ ಹೊಸ್ತಿಲ ಕಟ್ಟೆಯ ಮೇಲೆ ಕುಳಿತು ಹಳೇ ಸೀರೆಯ ತುಂಡುಗಳಿಂದ ಕೌದಿ ಹೊಲಿಯುತ್ತಿದ್ದರು. ಅವರ ಎಡಗಣ್ಣಿಗೆ ಪೊರೆ ಬಂದು ಬೆಳ್ಳಗಾಗಿತ್ತು. ಸೂಜಿಗೆ ದಾರ ಪೋಣಿಸಲು ನನ್ನನ್ನೇ ಕೂಗುವರು. "ತಂಗೀ, ಈ ಕಣ್ಣಾಗ ಹೊಗಿ ತುಂಬ್ಯಾದವ್ವಾ" ಎಂದು ಸೆರಗನ್ನು ಆ ಕಡೆಗೆ ಎಳೆದುಕೊಳ್ಳುವರು. ಯಾರು ಮಾತಾಡಿಸಿದರೂ ಬಲಗಡೆಯ ಮುಖವನ್ನೇ ಮುಂದೆ ಮಾಡುವುದು ಅವರ ರೂಢಿಯಾಗಿತ್ತು.

ನಮ್ಮವರಿಗೆ ಆ ಮುಖ ಸಿಕ್ಕಿದ್ದು ನಿಧಿ ಸಿಕ್ಕಂತಾಯಿತು. "ನೋಡೇ ವಿಮಲಾಕ್ಷಿ, ಎಷ್ಟು ಸುಕ್ಕು! ಒಳ್ಳೇ ಲೆನ್ಸು ಯಾವುದು, ಕೆಟ್ಟದ್ಯಾವುದು ಅಂತ ಒಂದೇ ಏಟಿಗೆ ಗೊತ್ತಾಗುತ್ತೆ" ಎಂದರು. ಮೆಲ್ಲಗೆ ಹೇಳುವ ಅಭ್ಯಾಸವೂ ಇಲ್ಲ ಪುಣ್ಯಾತ್ಮರಿಗೆ. ಅಯ್ಯಮ್ಮನಿಗೆ ಕೇಳಿಸಿತೋ ಇಲ್ಲವೋ, ಅವರು ಎದ್ದು ಒಳಗೆ ಹೋದರು. ಸಿಟ್ಟು ಬಂತೇನೋ ಎಂದು ನಾನು ಕುಗ್ಗಿಹೋದೆ. ಅವರು ಟ್ರಂಕಿನಲ್ಲಿದ್ದ ಇಳಕಲ್ ಸೀರೆ ಉಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡು ಬಂದು ಕಟ್ಟೆಯ ಮೇಲೆ ನೆಟ್ಟಗೆ ಕುಳಿತರು. ಅವರ ಲೆಕ್ಕದಲ್ಲಿ ಅದು ಪಟ ತೆಗೆಸಿಕೊಳ್ಳುವುದು.

ಪ್ರತಿ ಭಾನುವಾರವೂ ಅದೇ ಆಯಿತು. ಹೊಸ ಕ್ಯಾಮೆರಾ ಬರುವುದು, ಅಯ್ಯಮ್ಮ ಇಳಕಲ್ ಸೀರೆ ಉಡುವುದು. ಮುಗಿದ ಮೇಲೆ ಅವರದು ಒಂದೇ ಪ್ರಶ್ನೆ. "ಯಪ್ಪಾ, ಪಟಾ ಯಾವಾಗ ಬರತೈತಿ?"

"ಇದು ಬರೀ ಟ್ರಯಲ್ ಅಜ್ಜಿ. ಹೊಸಾ ಕ್ಯಾಮೆರಾ ತಗೊಂಡ್ಮೇಲೆ ಫಸ್ಟ್ ಫೋಟೋ ನಿಮ್ದೇ. ದೊಡ್ಡದಾಗಿ ಪ್ರಿಂಟ್ ಹಾಕ್ಸಿ ಕೊಡ್ತೀನಿ" ಎನ್ನುತ್ತಿದ್ದರು ಇವರು. ಅಷ್ಟರಲ್ಲಿ ನಮ್ಮ ಮಹಡಿಯ ಅರ್ಧ ಮೆಟ್ಟಿಲು ಹತ್ತಿ ಆಗಿರುತ್ತಿತ್ತು. ಕಂಪ್ಯೂಟರ್ ಕಾಯುತ್ತಿರುತ್ತಿತ್ತಲ್ಲ.

ದೀಪಾವಳಿಯ ಹೊತ್ತಿಗೆ ಅಯ್ಯಮ್ಮ ನನ್ನ ಕೈಗೆ ಒಂದು ಕೌದಿ ಕೊಟ್ಟರು. ಹಸಿರು ಕೆಂಪು ತುಂಡುಗಳದು, ನಾಲ್ಕು ಮೂಲೆಗೂ ಹೂವಿನಂತೆ ಹೊಲಿಗೆ. ಬೇಡವೆಂದರೂ ಕೇಳಲಿಲ್ಲ. "ಪಟಾ ಪುಕ್ಕಟ ತಗೋಬಾರದವ್ವಾ. ನಾ ಹೋದಮ್ಯಾಗ ಗ್ವಾಡಿಗಿ ಹಾಕಾಕ ನನ ಮಕ್ಕಳಿಗಿ ಒಂದು ಬೇಕಲ್ಲ" ಎಂದರು. ಆ ಕೌದಿಯನ್ನು ನಾನು ಹಾಸಿಗೆಯ ಮೇಲೆ ಹಾಕಿದ್ದೆ. ಇವರು ಅದನ್ನು ಕಂಪ್ಯೂಟರ್ ಮೇಜಿಗೆ ಒಯ್ದು ಮಡಿಸಿ ಹಾಸಿದರು. ಎರವಲು ಕ್ಯಾಮೆರಾಗಳಿಗೆ ಗೀರು ಬೀಳಬಾರದಂತೆ.

ಕೊನೆಗೂ ಒಂದು ಶನಿವಾರ ಕ್ಯಾಮೆರಾ ಬಂತು. ಕಪ್ಪಗೆ, ಗುಂಡಗೆ, ಕೈತುಂಬ ಇತ್ತು. ಮಾರನೇ ದಿನ ಬೆಳಿಗ್ಗೆ ಕೆಳಗೆ ನೋಡಿದರೆ ಅಯ್ಯಮ್ಮ ಇಳಕಲ್ ಸೀರೆ ಉಟ್ಟು ಕುಳಿತಿದ್ದರು. ಯಾರು ಹೇಳಿದರೋ, ಸುದ್ದಿ ಮುಟ್ಟಿತ್ತು. ಇವರು ಬಾಲ್ಕನಿಯಿಂದ ಆಕಾಶ ನೋಡಿದರು. ಮೋಡ ಮುಚ್ಚಿತ್ತು.

"ಇವತ್ತು ಬೆಳಕು ಸರಿ ಇಲ್ಲ ಅಜ್ಜಿ, ಮುಂದಿನ ವಾರ ತೆಗೆಯೋಣ!" ಎಂದು ಮೇಲಿನಿಂದಲೇ ಕೂಗಿದರು.

"ಆತು ಬಿಡಪ್ಪಾ" ಎಂದರು ಅಯ್ಯಮ್ಮ. ಸ್ವಲ್ಪ ಹೊತ್ತು ಹಾಗೇ ಕುಳಿತಿದ್ದು ಒಳಗೆ ಹೋದರು.

ಬುಧವಾರ ಬೆಳಿಗ್ಗೆ ನಾನು ಕಾಫಿಗೆ ಹಾಲು ಇಡುವಾಗ ಭಗವಂತರಾಯ ಬಾಗಿಲಲ್ಲಿ ನಿಂತಿದ್ದ. "ಅಕ್ಕಾರ, ಅವ್ವ ಹೋದಳ್ರೀ. ಮಕ್ಕೊಂಡಾಕಿ ಏಳಲೇ ಇಲ್ಲ" ಎಂದ. ನಮ್ಮವರು ಹೊರಗೆ ಬಂದರು. ಅವನು ಕಣ್ಣೊರೆಸಿಕೊಂಡು ಅವರತ್ತ ತಿರುಗಿದ. "ಸಾಹೇಬ್ರ, ನೀವು ಅವ್ವನ್ದು ಭಾಳ ಪಟಾ ತಗದೀರಿ. ಅದ್ರಾಗ ಒಂದು ಛಲೋದು ಕೊಡ್ರೀ. ಓಟಿನ ಕಾರ್ಡಿನಾಗ ಆಕಿ ಮುಖ ಬರೇ ಮಸಿ ಆಗ್ಯಾದ. ನಮ್ಮ ಹತ್ರ ಬ್ಯಾರೆ ಒಂದೂ ಇಲ್ರೀ."

"ಕೊಡ್ತೀನಿ, ಕೊಡ್ತೀನಿ" ಎಂದು ಇವರು ಒಳಗೆ ಓಡಿದರು. ನಾನೂ ಹಿಂದೆ ಹೋದೆ. ಕಂಪ್ಯೂಟರ್ ತೆರೆದುಕೊಂಡಿತು. ಅಯ್ಯಮ್ಮನ ಹೆಸರಿನದಲ್ಲ, 'ಟೆಸ್ಟ್' ಎಂಬ ಹೆಸರಿನ ಫೋಲ್ಡರು. ಒಂದನ್ನು ತೆರೆದರೆ ಪರದೆಯ ತುಂಬ ಒಂದು ಕಣ್ಣು, ರೆಪ್ಪೆ, ಸುತ್ತಲಿನ ಸುಕ್ಕು. ಇನ್ನೊಂದನ್ನು ತೆರೆದರೆ ಅದೇ ಕಣ್ಣು. ಮತ್ತೊಂದರಲ್ಲೂ ಅದೇ. ಹೋಲಿಸಿ ನೋಡಲು ಬೇಕಾದಷ್ಟನ್ನು ಕತ್ತರಿಸಿ ಇಟ್ಟುಕೊಂಡು, ಪೂರ್ತಿ ಚಿತ್ರ ಜಾಗ ತಿನ್ನುತ್ತದೆಂದು ಒಂದನ್ನೂ ಬಿಡದೆ ಅಳಿಸಿ ಹಾಕಿದ್ದರು. ಅಷ್ಟೊಂದು ಭಾನುವಾರ ಸೀರೆ ಉಟ್ಟು ಕುಳಿತವರ ಮುಖ ಆ ಪೆಟ್ಟಿಗೆಯಲ್ಲಿ ಎಲ್ಲೂ ಇರಲಿಲ್ಲ.

"ರೀ, ಈಗ ಏನು ಹೇಳ್ತೀರಿ?" ಎಂದೆ. ಅವರು ಮೌಸ್ ಒತ್ತುತ್ತಲೇ ಇದ್ದರು. ನನಗೆ ಅವರ ಮೇಲೆ ಕೋಪ ಬಂತು, ಆ ಮೇಜಿನ ಮೇಲಿದ್ದ ಕೌದಿಯನ್ನು ಎಳೆದು ತೆಗೆದುಕೊಂಡೆ.

ಬಾಗಿಲಿಗೆ ಬಂದು ಇವರು ಹೇಳಿದ್ದು ಬೇರೆ. "ಅವೆಲ್ಲ ಅಷ್ಟು ಸರಿ ಬಂದಿರಲಿಲ್ಲ ಭಗವಂತರಾಯ. ಹೊಸಾ ಕ್ಯಾಮೆರಾ ಇದೆಯಲ್ಲ, ಈಗಲೇ ಒಂದು ತೆಗೀತೀನಿ."

ಅವನು ತಲೆಯಾಡಿಸಿದ. "ನೀವು ಹೇಳಿದ್ರಿ ಬಿಡ್ರಿ, ಹೊಸಾದ್ರಾಗ ಮೊದಲ ಆಕಿದೇ ತಗೀತೀನಂತ" ಎಂದ. ಕುಹಕವಾಡುವ ಮನುಷ್ಯನಲ್ಲ ಅವನು. ನಿಜವಾಗಿಯೇ ಹಾಗೆ ಅಂದುಕೊಂಡಿದ್ದ.

ಅವರ ಕಡೆಯ ಪದ್ಧತಿಯಂತೆ ಅಯ್ಯಮ್ಮನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಅದೇ ಇಳಕಲ್ ಸೀರೆ, ಹಣೆಯ ತುಂಬ ವಿಭೂತಿ. ಮೊದಲ ಸಲ ಅವರು ಬಲಗಡೆಯ ಮುಖ ಮುಂದೆ ಮಾಡದೆ ನೇರವಾಗಿ ಕುಳಿತಿದ್ದರು, ಕಣ್ಣು ಎರಡೂ ಮುಚ್ಚಿದ್ದವು. ಇವರು ಕ್ಲಿಕ್ಕಿಸಿದರು. ಕೈ ನಡುಗಿದರೂ ಚಿತ್ರ ನಡುಗದ ಕ್ಯಾಮೆರಾ, ಚೆನ್ನಾಗಿಯೇ ಬಂತು.

ಸತ್ತವರ ಪಟಕ್ಕೆ ಕಣ್ಣು ತೆರೆಸಿ ಕೊಡುವುದು ಶಿವಾಜಿನಗರದಲ್ಲಿ ಹೊಸತೇನಲ್ಲ. ಹಿಂದೆ ಬಣ್ಣದಲ್ಲಿ ಬರೆಯುತ್ತಿದ್ದರು, ಈಗ ಕಂಪ್ಯೂಟರಿನಲ್ಲಿ ಕೂರಿಸುತ್ತಾರೆ. ವಾಜಿದ್ ಅದನ್ನೂ ಮಾಡುತ್ತಿದ್ದ. ಇವರು ಮುಖದ ಚಿತ್ರದ ಜೊತೆಗೆ ಟೆಸ್ಟಿನ ಕಣ್ಣನ್ನೂ ಸಿ.ಡಿ.ಗೆ ಹಾಕಿಕೊಂಡು ಹೋದರು. ಬಂದಮೇಲೆ ನನಗೆ ಹೇಳಿದ್ದು ಇಷ್ಟೇ: "ಬೇರೆ ಯಾರದೋ ಕಣ್ಣಲ್ಲ ಕಣೇ, ಅವರದೇ ಜೀವಂತ ಕಣ್ಣು. ಒಂದು ರೀತಿ ನೋಡಿದರೆ ನಾನು ಇಟ್ಟುಕೊಂಡಿದ್ದೇ ಒಳ್ಳೇದಾಯ್ತು." ದನಿಯಲ್ಲಿ ಹಳೇ ಹುರುಪು ಸ್ವಲ್ಪ ಮರಳಿತ್ತು. ಹೇಗೋ ಮಾನ ಉಳಿಯಿತಲ್ಲ ಎಂದು ನಾನೂ ಉಸಿರು ಬಿಟ್ಟೆ.

ಅಯ್ಯಮ್ಮನ ದಿನಕರ್ಮದ ಪೂಜೆಗೆ ಊರಿನಿಂದ ನೆಂಟರು ಬಂದಿದ್ದರು. ಕೋಣೆ ಹಿಡಿಸದೆ ಹೊರಗೂ ಚಾಪೆ ಹಾಸಿತ್ತು. ನಾನು ಲಕ್ಷ್ಮಿದೇವಿಯ ಜೊತೆ ಹೂವು ಕಟ್ಟುತ್ತ ಕುಳಿತಿದ್ದೆ. ಇವರು ಶಿವಾಜಿನಗರದಿಂದ ನೇರವಾಗಿ ಅಲ್ಲಿಗೇ ಬಂದು, ಪೇಪರು ಬಿಚ್ಚಿ, ಕಟ್ಟು ಹಾಕಿದ ದೊಡ್ಡ ಪಟವನ್ನು ಗೋಡೆಗೆ ಒರಗಿಸಿ ನಿಲ್ಲಿಸಿದರು. ನೆಂಟರು, "ಏನ್ ಛಲೋ ಬಂದದ್ರೀ" ಎಂದರು. ಇವರು ಕೈಕಟ್ಟಿ ನಿಂತು ಮುಗುಳ್ನಕ್ಕರು.

ನಾನು ತಲೆಯೆತ್ತಿ ನೋಡಿದೆ. ನನ್ನ ಕೈಯಲ್ಲಿದ್ದ ಹೂವು ಅಲ್ಲೇ ನಿಂತಿತು. ಪಟದಲ್ಲಿದ್ದ ಅಯ್ಯಮ್ಮ ಎರಡೂ ಕಣ್ಣು ಫಳಫಳ ತೆರೆದು ನಮ್ಮನ್ನು ನೋಡುತ್ತಿದ್ದರು. ಒಂದೇ ಬಲಗಣ್ಣನ್ನು ವಾಜಿದ್ ಮಗುಚಿ ಎಡಗಡೆಗೂ ಕೂರಿಸಿದ್ದ.

ಭಗವಂತರಾಯ ಹತ್ತಿರ ಬಂದು ಬಗ್ಗಿ ನೋಡಿದ. "ಸಾಹೇಬ್ರ, ಎಡಗಣ್ಣು..." ಎಂದು ನಿಲ್ಲಿಸಿದ.

"ಯಾಕಪ್ಪಾ? ಎಡಗಣ್ಣಿಗೆ ಏನಾಗಿದೆ?" ಎಂದರು ಇವರು, ಮುಗುಳ್ನಗುತ್ತಲೇ. ಪ್ರಿಂಟಿನಲ್ಲಿ ಕಲೆಯೇನಾದರೂ ಬಿದ್ದಿದೆಯೇ ಎಂದು ಇನ್‌ಸ್ಪೆಕ್ಟರನ ಹಾಗೆ ಬಗ್ಗಿಯೂ ನೋಡಿದರು.

ಊರಿನ ಒಬ್ಬ ಮುದುಕಿ ನಮ್ಮವರನ್ನೇ ಅಡಿಯಿಂದ ಮುಡಿಯವರೆಗೆ ನೋಡಿದಳು. ಲಕ್ಷ್ಮಿದೇವಿ ಮೆಲ್ಲಗೆ, "ಆ ಕಣ್ಣಿಗಿ ಪೊರಿ ಬಂದಿತ್ತಲ್ರೀ. ಆಕಿಗೆ ಅದರಾಗ ಏನೂ ಕಾಣ್ತಿದ್ದಿಲ್ಲ. ನೀವು ಅಷ್ಟ್ ಸರ್ತಿ ಪಟಾ ತಗದೀರಿ..." ಎಂದಳು. ನಮ್ಮವರ ನಗು ಮುಖದ ಮೇಲೆ ಎಲ್ಲಿ ಇಳಿಯಬೇಕೆಂದು ತಿಳಿಯದೆ ಹಾಗೇ ಉಳಿದಿತ್ತು. ನನಗೆ ಅಲ್ಲಿಂದ ಎದ್ದು ಓಡಿಹೋಗಬೇಕೆನ್ನಿಸಿತು. ನಾನೇ ತಪ್ಪು ಮಾಡಿದವಳ ಹಾಗೆ ಕಿವಿ ಬಿಸಿಯಾಗಿತ್ತು.

"ಇರಲಿ ಬಿಡು" ಎಂದ ಭಗವಂತರಾಯ ಹೆಂಡತಿಗೆ. "ನಮ್ಮ ಕೈಲಿ ಆಪರೇಶನ್ ಮಾಡ್ಸಾಕ ಆಗಲಿಲ್ಲ. ಅಲ್ಲಾರ ಎರಡೂ ಕಣ್ಣಿಲೆ ನೋಡ್ಲಿ." ಹಾಗೆಂದು ಇವರಿಗೆ ಕೈಮುಗಿದ. ಇವರು ತಿರುಗಿ ಮುಗಿಯುವುದನ್ನೂ ಮರೆತರು.

ಲಕ್ಷ್ಮಿದೇವಿ ಮಾಲೆ ಹಾಕಲು ಎದ್ದಳು. ಹಾಕಿ, ಹಿಂದೆ ಸರಿದು, ಅತ್ತೆಯ ಮುಖವನ್ನು ಬಹಳ ಹೊತ್ತು ನೋಡಿದಳು. ಗುರುತು ಹತ್ತದವಳ ನೋಟ ಅದು. ಮತ್ತೆ ಮುಂದೆ ಹೋಗಿ ಮಾಲೆಯ ಒಂದು ಎಳೆಯನ್ನು ಮೇಲಕ್ಕೆಳೆದು, ಸೆರಗು ಎಳೆದಂತೆ ಎಡಗಣ್ಣಿನ ಮೇಲೆ ಇಳಿಬಿಟ್ಟಳು. ಸೇವಂತಿಗೆಯ ಹಿಂದೆ ಆ ಕಣ್ಣು ಮುಚ್ಚಿಹೋಯಿತು.

"ಈಗ ನಮ್ಮತ್ತಿ ಕಂಡಂಗ ಕಾಣ್ತಾಳ" ಎಂದಳು. ಆಗ ಅವಳಿಗೆ ಅಳು ಬಂತು.

ಪ್ರಸಾದ ತೆಗೆದುಕೊಂಡು ನಾವು ಹೊರಗೆ ಬಂದೆವು. ಅಯ್ಯಮ್ಮ ಕೂರುತ್ತಿದ್ದ ಕಟ್ಟೆಯ ಹತ್ತಿರ ಇವರು ನಿಂತರು. ನನ್ನ ಮುಖ ನೋಡದೆ ಕೇಳಿದರು. "ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ನನಗೆ ಯಾಕೆ ಹೇಳ್ಲಿಲ್ಲ?"

"ನೀವು ವಾರವಾರ ಅವರ ಮುಂದೆ ಕೂತು ನೋಡ್ತಿದ್ರಲ್ರೀ" ಎಂದೆ. "ನೀವು ನೋಡಿಲ್ಲ ಅಂತ ನನಗೆ ಗೊತ್ತಿರಲಿಲ್ಲ."