ಮೇಷ್ಟ್ರ ಕೆಮ್ಮು

ಲಿಸ್ಬನ್ನಿನವರಾದ ನಾವು ಹಾಡು ಹಿಡಿಸಿದರೆ ಕೈ ನೋಯುವವರೆಗೆ ಚಪ್ಪಾಳೆ ತಟ್ಟುತ್ತೇವೆ. ಕೊಯಿಂಬ್ರದವರಿಗೆ ಅದು ಸೇರದು. ಅಲ್ಲಿ ಫಾದೋ ಹಾಡು ಮುಗಿದ ಮೇಲೆ ಕೇಳಿದವರು ಗಂಟಲು ಸರಿಮಾಡಿಕೊಳ್ಳುವಂತೆ ಒಮ್ಮೆ ಕೆಮ್ಮುತ್ತಾರೆ. ಅದೇ ಮೆಚ್ಚುಗೆ. ಮೆಚ್ಚಿದ್ದನ್ನು ತೋರಿಸಿಕೊಳ್ಳಲು ಈ ಜನಕ್ಕೆ ಏನು ಧಾಡಿಯೋ ಎಂದು ಮೂವತ್ತೆಂಟು ವರ್ಷ ಗೊಣಗಿದ್ದೇನೆ, ಏಕೆಂದರೆ ನನ್ನ ಗಂಡ ಬೆಲ್ಮಿರೊ ಆ ಊರಿನವನು.

ಲಿಸ್ಬನ್ನಿನ ಅಂಚೆ ಕಚೇರಿಯಲ್ಲಿ ಅವನು ಗುಮಾಸ್ತನಾಗಿದ್ದ. ಮೇಲಿನ ಮನೆಯ ಹುಡುಗ ತೆಲ್ಮೊಗೆ ನಮ್ಮ ಅಡುಗೆಮನೆಯಲ್ಲೇ ಏಳು ವರ್ಷ ಹಾಡು ಕಲಿಸಿದ. ತೆಲ್ಮೊ ಹಾಡಿ ಮುಗಿಸಿ ಆಸೆಯಿಂದ ಅವನ ಮುಖ ನೋಡುತ್ತಿದ್ದ. ಬೆಲ್ಮಿರೊ ಒಂದು ದಿನವೂ ಕೆಮ್ಮಲಿಲ್ಲ.

"ಒಂದ್ಸಲ ಕೆಮ್ಮಿದ್ರೆ ನಿನ್ನ ಗಂಟೇನು ಹೋಗುತ್ತೆ?" ಎಂದು ನಾನು ರೇಗಿದರೆ, "ಇನ್ನೂ ಹದ ಬಂದಿಲ್ಲ, ಎಲ್ವೀರಾ. ಸುಮ್‌ಸುಮ್ನೆ ಕೆಮ್ಮಲ್ಲ ನಾನು" ಎನ್ನುತ್ತಿದ್ದ. ಆ ಒಂದು ಕೆಮ್ಮೂ ಸಿಗದೆ ತೆಲ್ಮೊ ಬರಿಗೈಯಲ್ಲೇ ಕೊಯಿಂಬ್ರಕ್ಕೆ ಓದಲು ಹೋದ.

ಕಳೆದ ವರ್ಷ ಬೆಲ್ಮಿರೊನ ಗಂಟಲಿನಲ್ಲಿ ಗೆಡ್ಡೆ ಕಾಣಿಸಿತು. ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆದುಬಿಟ್ಟರು. ಈಗ ಅವನು ಕುತ್ತಿಗೆಯಲ್ಲಿ ಮಾಡಿದ ತೂತಿನಿಂದ ಉಸಿರಾಡುತ್ತಾನೆ. ಹೇಳುವುದನ್ನೆಲ್ಲ ಚೀಟಿಯಲ್ಲಿ ಬರೆಯುತ್ತಾನೆ. ಕೆಮ್ಮು ಬರುವುದೂ ಆ ತೂತಿನಿಂದಲೇ, ಕಫ ಬೆರೆತು ಗೊರಗೊರ ಎಂದು. ಆ ಸದ್ದಿಗೆ ಅವನಿಗೇ ಹೇಸಿಗೆ. ಚರ್ಚಿಗೆ ಹೋಗುವುದನ್ನು ಬಿಟ್ಟ, ಕಾಫಿ ಅಂಗಡಿಯ ಗೆಳೆಯರನ್ನೂ ಬಿಟ್ಟ. ಮನೆಯಲ್ಲಿ ಕೆಮ್ಮು ಬಂದರೆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾನೆ. ಬಾಗಿಲ ಈಚೆ ನಿಂತು ನಾನು ಅತ್ತದ್ದುಂಟು.

ಮೇ ತಿಂಗಳಲ್ಲಿ ತೆಲ್ಮೊ ಫೋನು ಮಾಡಿದ.

"ದೋನಾ ಎಲ್ವೀರಾ, ಶನಿವಾರ ಸಂಜೆ ಆರಕ್ಕೆ ನಾನೊಬ್ನೇ ಹಾಡ್ತಿದೀನಿ, ಮೊದಲ್ನೇ ಸಲ. ಮೇಷ್ಟ್ರನ್ನ ಕರ್ಕೊಂಡು ಬನ್ನಿ."

"ನನ್ನ ಮಾತು ಎಲ್ಲಿ ಕೇಳ್ತಾನಪ್ಪ ಅವನು."

"ಏನೂ ಮಾಡ್ಬೇಕಾಗಿಲ್ಲ ಅವ್ರು. ಬಂದು ಕೂತ್ರೆ ಸಾಕು."

ಅವನಿಗೆ ಅಷ್ಟು ಸಾಲದು ಎಂಬುದು ದನಿಯಲ್ಲೇ ಗೊತ್ತಾಗುತ್ತಿತ್ತು.

ವಿಷಯ ಹೇಳಿದೆ. ಬೆಲ್ಮಿರೊ ಚೀಟಿ ಬರೆದ: "ಜನರ ಮಧ್ಯೆ ಕೆಮ್ಮು ಬಂದರೆ?"

"ಬಂದ್ರೆ ಕೆಮ್ಮು. ಕೆಮ್ಮೋ ಊರಿಗೇ ತಾನೆ ಹೋಗ್ತಿರೋದು?"

ಅವನು ನಗಲಿಲ್ಲ. ಆದರೆ ಶನಿವಾರ ನನಗಿಂತ ಮೊದಲೇ ಶೂ ಹಾಕಿಕೊಂಡು, ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡು ಕೂತಿದ್ದ. ರೈಲಿನಲ್ಲಿ ನಾಲ್ಕು ಸಲ ಎದ್ದು ಶೌಚಾಲಯಕ್ಕೆ ಹೋದ.

ಹಾಡು ಇದ್ದದ್ದು ಒಂದು ಹಳೆಯ ಪ್ರಾರ್ಥನಾ ಮಂದಿರದಲ್ಲಿ. ನಲವತ್ತು ಕುರ್ಚಿಗಳು, ಬಂದವರೆಲ್ಲ ಹೆಚ್ಚುಕಡಿಮೆ ಪ್ರವಾಸಿಗರು. ನಮ್ಮ ಮುಂದಿನ ಸಾಲಿನಲ್ಲಿ ಸ್ಪೇನಿನ ಗಂಡಹೆಂಡತಿ. ಟಿಕೆಟ್ಟು ಹರಿಯುತ್ತಿದ್ದ ಹೆಂಗಸು ಎಲ್ಲರಿಗೂ ಕೇಳುವಂತೆ, "ಚಪ್ಪಾಳೆ ಬೇಡ. ಇಷ್ಟ ಆದ್ರೆ ಕೆಮ್ಮಿ" ಎಂದಳು. ಎಲ್ಲರೂ ಕಿಸಕ್ಕನೆ ನಕ್ಕು, ಆಗಲೇ ಕೆಮ್ಮಿ ನೋಡತೊಡಗಿದರು. ಬೆಲ್ಮಿರೊ ತಲೆ ತಗ್ಗಿಸಿದ. ನನಗೆ ಪಿತ್ತ ನೆತ್ತಿಗೇರಿತು.

ತೆಲ್ಮೊ ಅಲ್ಲಿನ ವಿದ್ಯಾರ್ಥಿಗಳ ಕಪ್ಪು ನಿಲುವಂಗಿ ಹೊದ್ದು ಬಂದ. ಮೇಷ್ಟ್ರನ್ನು ನೋಡಿದ, ಕಣ್ಣು ಮುಚ್ಚಿಕೊಂಡ, ಹಾಡಿದ. ದನಿ ಏರಿ, ತುದಿಯಲ್ಲಿ ಒಂದು ಗಳಿಗೆ ನಿಂತು, ಅವಸರವಿಲ್ಲದೆ ಇಳಿಯಿತು. ನಮ್ಮ ಅಡುಗೆಮನೆಯಲ್ಲಿ ಅವನು ಏಳು ವರ್ಷ ಎಡವಿದ್ದು ಆ ಇಳಿಯುವಲ್ಲೇ. ಪಕ್ಕಕ್ಕೆ ತಿರುಗಿದರೆ ಬೆಲ್ಮಿರೊನ ತುಟಿಗಳೂ ಹಾಡುತ್ತಿದ್ದವು, ಸದ್ದಿಲ್ಲದೆ.

ಹಾಡು ಮುಗಿಯಿತು. ಪ್ರವಾಸಿಗರು ಆಟದಂತೆ ಅಲ್ಲೊಂದು ಇಲ್ಲೊಂದು ಕೆಮ್ಮಿದರು. ತೆಲ್ಮೊ ಅವರಿಗೆಲ್ಲ ತಲೆಬಾಗಿದ. ಕಣ್ಣು ಮಾತ್ರ ನಮ್ಮ ಕಡೆಯೇ ಇತ್ತು.

ಬೆಲ್ಮಿರೊ ಎದ್ದು ನಿಂತ. ಬಾಗಿಲ ಕಡೆ ನಡೆದೇಬಿಡುತ್ತಾನೆ ಎಂದುಕೊಂಡು ಅವನ ಕೋಟಿನ ತುದಿ ಹಿಡಿದೆ. ಅವನು ನನ್ನ ಕೈ ಮೆಲ್ಲಗೆ ಬಿಡಿಸಿದ. ಕುತ್ತಿಗೆಯ ಬಟ್ಟೆಯನ್ನು ಬಿಚ್ಚಿ, ತೆಲ್ಮೊನನ್ನೇ ನೋಡುತ್ತ, ಎದೆಯಲ್ಲಿದ್ದ ಉಸಿರನ್ನೆಲ್ಲ ಒಟ್ಟುಮಾಡಿ ಕೆಮ್ಮಿದ. ಆ ಗೊರಗೊರ ಸದ್ದು ಕಲ್ಲಿನ ಗೋಡೆಗಳಿಗೆ ಬಡಿದು ದೊಡ್ಡದಾಗಿ ಕೇಳಿಸಿತು. ಜನ ಬೆಚ್ಚಿ ತಿರುಗಿದರು. ಯಾರೋ ಕರವಸ್ತ್ರವನ್ನು ಮೂಗಿಗೆ ಹಿಡಿದರು. ಬೆಲ್ಮಿರೊ ಕೂರಲಿಲ್ಲ. ಇನ್ನೊಮ್ಮೆ ಕೆಮ್ಮಿದ.

ತೆಲ್ಮೊ ನಿಲುವಂಗಿಯ ಅಂಚಿನಲ್ಲಿ ಮುಖ ಮುಚ್ಚಿಕೊಂಡ. ಅವನ ಭುಜಗಳು ಅದುರುತ್ತಿದ್ದವು.

ಸ್ಪೇನಿನ ಹೆಂಗಸು ಗಾಬರಿಯಿಂದ ನೀರಿನ ಬಾಟಲಿ ಚಾಚಿದಳು. "ಹುಷಾರಿಲ್ವಾ ಅವರಿಗೆ? ಯಾರನ್ನಾದ್ರೂ ಕರೀಲಾ?"

"ಬೇಡಮ್ಮ," ಎಂದೆ. "ಹಾಡು ಹಿಡಿಸ್ತು ಅವನಿಗೆ."