ಮೂವತ್ತೆರಡು ಚೀಟಿ

ಬುಧವಾರ ಬೆಳಿಗ್ಗೆ ನಕಲು ಮೂರನೆಯ ಸಲ ನಿಂತಿತು. ತೊಂಬತ್ತು ಸಾವಿರ ನಕ್ಷೆಗಳಲ್ಲಿ ಅರವತ್ತೊಂದು ಸಾವಿರದ ಮುನ್ನೂರ ನಲವತ್ತು ಹೊಸ ಜಾಗಕ್ಕೆ ಹೋಗಿದ್ದವು. ಅದರ ಮುಂದಿನದು ಹೋಗಲಿಲ್ಲ. ಪರದೆಯ ಮೇಲೆ ಕೆಂಪು ಅಕ್ಷರವಿಲ್ಲ, ಗದ್ದಲವಿಲ್ಲ. ಅಂಕಿ ಸುಮ್ಮನೆ ನಿಂತಿತ್ತು, ಹೊಸ್ತಿಲವರೆಗೆ ಬಂದು ಒಳಗೆ ಬರಲೋ ಬೇಡವೋ ಎಂದು ನಿಂತ ನೆಂಟರ ಹಾಗೆ.

ಊರಿನ ನೆಲದಡಿಯ ನೀರಿನ ಕೊಳವೆಗಳ ನಕ್ಷೆಗಳು ಅವು. ಎಲ್ಲಿ ಅಗೆಯಬೇಕಾದರೂ ಕೆಲಸದವರು ಮೊದಲು ನೋಡುವುದು ಅವನ್ನೇ. ಹಳೆಯ ಡಿಸ್ಕುಗಳಿಂದ ಹೊಸವಕ್ಕೆ ಅವನ್ನು ಸಾಗಿಸುವ ಕೆಲಸ ಮೂರನೆಯ ಮಹಡಿಯ ಈ ಕಚೇರಿಯ ಪಾಲಿಗೆ ಬಂದಿತ್ತು. ಸಾಗಿಸುವ ಪ್ರೋಗ್ರಾಮಿನ ಹೊಟ್ಟೆಯೊಳಗಿದ್ದ ಲೈಬ್ರರಿಯನ್ನು, ಎಂದರೆ ಬೇರೆ ಪ್ರೋಗ್ರಾಮುಗಳೂ ಬಳಸಬಹುದಾದ ಕೋಡನ್ನು, ಬರೆದವಳು ಪಿಸು.

ಪಿಸು ಎಂಬುದು ಕಚೇರಿಯವರು ಇಟ್ಟ ಹೆಸರು. ಸೇರಿದ ಮೊದಲ ದಿನ ಅವಳು ತನ್ನ ಪರಿಚಯ ಹೇಳಿಕೊಂಡಿದ್ದು ಪಕ್ಕದಲ್ಲಿದ್ದ, ಪ್ರೋಗ್ರಾಮುಗಳನ್ನು ಪರೀಕ್ಷಿಸುವ ಟೆಸ್ಟಿಂಗ್ ಅಕ್ಕನಿಗೆ ಮಾತ್ರ, ಅದೂ ಅರೆಬರೆ, ಕೇಳಿಸಿತ್ತಂತೆ. "ಏನೋ ಪಿಸುಪಿಸು ಅಂತು ಕಣ್ರೀ, ಒಳ್ಳೇದೇ ಇರ್ಬೇಕು" ಎಂದು ಅಕ್ಕ ಎಲ್ಲರಿಗೂ ಸಾರಿದ್ದಳು. ಅಲ್ಲಿಗೆ ನಾಮಕರಣ ಮುಗಿಯಿತು.

ಎರಡು ತಿಂಗಳ ಹಿಂದೆ ಅದೇ ಪ್ರೋಗ್ರಾಮು ಇನ್ನೊಂದು ಬಗೆಯಲ್ಲಿ ಕೆಡುತ್ತಿತ್ತು. ಒಂದು ಫೈಲು ಮುಗಿಯುವವರೆಗೆ ಕಾಯದೆ ಮುಂದಿನದನ್ನು ತೆರೆ, ಅದಕ್ಕೂ ಕಾಯದೆ ಅದರ ಮುಂದಿನದನ್ನು ತೆರೆ ಎಂದು ಬರೆದಿದ್ದರು. ವೇಗ ಬರಲಿ ಎಂಬ ಆಸೆ. ಒಂದೇ ಬಾಗಿಲಲ್ಲಿ ಊರಿಗೆ ಊರೇ ನುಗ್ಗಿದರೆ ಏನಾಗುತ್ತದೋ ಅದೇ ಆಯಿತು. ತೆರೆದ ಫೈಲುಗಳು ಮಿತಿ ಮೀರಿದವು ಎಂದು ಮೆಷೀನು ಕೈ ಎತ್ತಿತು. ಆಗ ಪಿಸು ಒಂದು ಏರ್ಪಾಡು ಮಾಡಿದಳು. ಮೂವತ್ತೆರಡು ಚೀಟಿಗಳು. ಚೀಟಿ ಸಿಕ್ಕ ಫೈಲು ಮಾತ್ರ ತೆರೆದುಕೊಳ್ಳಬೇಕು, ನಕಲಾಗಬೇಕು, ಮುಚ್ಚಿಕೊಳ್ಳಬೇಕು, ಚೀಟಿ ವಾಪಸು ಕೊಡಬೇಕು. ಉಳಿದವು ಸಾಲಿನಲ್ಲಿ ನಿಲ್ಲಬೇಕು. ಇನ್ನೂರು ಸಾಲು ಕೋಡಿನ ಪುಟ್ಟ ಕೆಲಸ; ಅದೇ ಆ ಲೈಬ್ರರಿ. ಬೇರೆ ಏಳು ತಂಡಗಳು ಅದನ್ನು ಕೇಳಿ ಪಡೆದವು. ಮ್ಯಾನೇಜರು ಎಲ್ಲರೆದುರು ಹೊಗಳಿದಾಗ ಅವಳು ತನ್ನ ಚಪ್ಪಲಿಯ ಪಟ್ಟಿಯನ್ನು ನೋಡುತ್ತ ನಿಂತಿದ್ದಳು.

ಹಾಗಾಗಿ ಈಗ ನಕಲು ನಿಂತಾಗ ಯಾರಿಗೂ ಲೈಬ್ರರಿಯ ಮೇಲೆ ಅನುಮಾನ ಬರಲಿಲ್ಲ.

"ಮೂರು ಸಲವೂ ಮೊದಲಿಂದ ಶುರು ಮಾಡಿದ್ರೂ ಹೆಚ್ಚುಕಡಿಮೆ ಅದೇ ಜಾಗ. ಅಲ್ಲಿ ಡಿಸ್ಕ್ ಕೊಳೆತಿದೆ. ಇಷ್ಟು ಗೊತ್ತಾಗಲ್ವಾ ನಿಮಗೆ?" ಎಂದು ಮ್ಯಾನೇಜರು ಕೇಳಿದರು.

ಕೇಳಿದ್ದು ತಂತಿ ಮಾಮನನ್ನು. ಮೆಷೀನು ಕೋಣೆಯನ್ನು ಹದಿನೇಳು ವರ್ಷದಿಂದ ನೋಡಿಕೊಳ್ಳುತ್ತಿದ್ದ ಮನುಷ್ಯ. ಅವರ ಜೇಬಿನಲ್ಲಿ ಪೆನ್ನಿಗಿಂತ ಹೆಚ್ಚಾಗಿ ತಂತಿಯ ತುಂಡುಗಳಿರುತ್ತಿದ್ದವು.

"ಕೊಳೆತಿದ್ರೆ ವಾಸನೆ ಬರ್ತಿತ್ತು ಸಾರ್" ಎಂದರು ಮಾಮ.

"ತಮಾಷೆ ಬೇಡ. ಇವತ್ತು ಸಂಜೆ ಎಲ್ಲಾ ಬಿಚ್ಚಿ, ಒರೆಸಿ, ಮತ್ತೆ ಸ್ಟಾರ್ಟ್ ಮಾಡಿ. ಇದು ನಿಮ್ಮ ಕೈಲಿ ಆಗಲ್ಲ ಅಂದ್ರೆ ಹೇಳಿಬಿಡಿ, ಊರಾಚೆ ಗೋದಾಮಿಗೂ ಒಬ್ಬರು ಬೇಕಾಗಿದ್ದಾರೆ."

ಗೋದಾಮು ಎಂದರೆ ಮುರಿದ ಕುರ್ಚಿಗಳೂ ಹಳೆಯ ಕಾಗದವೂ ಇರುವ ತಗಡಿನ ಮನೆ. ಅಲ್ಲಿ ನೋಡಿಕೊಳ್ಳಲು ಬೀಗವೊಂದೇ. ಮಾಮ ಹೊರಟರು. ಪಿಸು, ಕಾರಣ ತನಗೇ ತಿಳಿಯದೆ, ಅವರ ಹಿಂದೆ ಹೋದಳು.

ಮೆಷೀನು ಕೋಣೆ ತಣ್ಣಗಿತ್ತು. ಮಾಮ ಡಿಸ್ಕುಗಳ ಕಪಾಟಿನ ಮುಂದೆ ಸ್ಟೂಲು ಎಳೆದುಕೊಂಡು ಕೂತರು.

"ಬಾಮ್ಮ ಪಿಸು. ಈ ದೀಪಗಳನ್ನ ನೋಡು. ಡಿಸ್ಕ್ ಒದ್ದಾಡ್ತಾ ಇದ್ರೆ ದೀಪ ಹುಚ್ಚು ಹಿಡಿದಂಗೆ ಮಿಟುಕುತ್ತೆ, ಕರಕರ ಸದ್ದೂ ಬರುತ್ತೆ. ಇಲ್ಲಿ ನೋಡು. ಎಲೆ ಅಡಿಕೆ ಹಾಕ್ಕೊಂಡು ಜಗಲಿ ಮೇಲೆ ಕೂತಂಗೆ ಕೂತವೆ. ಯಾರೂ ಇವಕ್ಕೆ ಕೆಲಸಾನೇ ಹೇಳ್ತಿಲ್ಲ."

"ಕೆಲಸ ಹೇಳ್ತಿಲ್ವಾ?"

"ಹೂಂ. ಕೊಡೋರು ಕೊಡ್ತಿಲ್ಲ, ಇವು ಮಾಡ್ತಿಲ್ಲ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ."

ಕೆಲಸ ಕೊಡುವುದು ಪಿಸುವಿನ ಚೀಟಿಗಳೇ. ಎತ್ತು ಯಾವುದೆಂದು ಅವಳಿಗೆ ಆಗಲೇ ಹೊಳೆದುಬಿಟ್ಟಿತ್ತು.

ಮೇಜಿಗೆ ಮರಳಿ ನಕಲಿನ ದಾಖಲೆ ತೆರೆದಳು. 'ಓದಲಾಗಲಿಲ್ಲ' ಎಂಬ ಸಾಲುಗಳನ್ನು ಎಣಿಸಿದಳು. ಸೋಮವಾರ ಮೂವತ್ತೆರಡು. ಮಂಗಳವಾರ ಮೂವತ್ತೆರಡು. ಇವತ್ತೂ ಮೂವತ್ತೆರಡು. ಆ ಫೈಲುಗಳು ವರ್ಷಗಳ ಹಿಂದೆ ಸ್ಕ್ಯಾನ್ ಮಾಡುವಾಗಲೇ ಅರ್ಧಕ್ಕೆ ನಿಂತಿದ್ದವು. ಹೆಸರಿದೆ, ಒಳಗೆ ಏನೂ ಇಲ್ಲ. ಅಂಥವು ಸಿಕ್ಕರೆ ಒಂದು ಸಾಲು ಬರೆದಿಟ್ಟು ಮುಂದಕ್ಕೆ ಹೋಗು ಎಂದು ಅವಳೇ ಬರೆದಿದ್ದಳು. ಬರೆದಿಡುತ್ತಿತ್ತು, ನಿಜ. ಆದರೆ ಚೀಟಿ ವಾಪಸು ಕೊಡುವ ಸಾಲನ್ನು ನಕಲು ಮುಗಿದ ಮೇಲೆ ಇಟ್ಟಿದ್ದಳು. ನಕಲು ಕೆಟ್ಟರೆ ಆ ಸಾಲಿಗೆ ಕೈ ತಲುಪುತ್ತಲೇ ಇರಲಿಲ್ಲ. ಒಂದೊಂದು ಕೆಟ್ಟ ಫೈಲೂ ಒಂದೊಂದು ಚೀಟಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಸತ್ತಿತ್ತು. ಮೂವತ್ತೆರಡನೆಯದೂ ಸತ್ತ ಮೇಲೆ ಕೊಡಲು ಚೀಟಿಯೇ ಇಲ್ಲ. ಉಳಿದ ಫೈಲುಗಳು ಜಗಳವಾಡಲಿಲ್ಲ, ಕೂಗಲಿಲ್ಲ. ಸರದಿ ಬರುತ್ತದೆಂದು ನಿಂತವು, ನಿಂತೇ ಇದ್ದವು.

ಪರೀಕ್ಷೆಗೆಂದು ಅವಳು ಬಳಸಿದ್ದ ಕಡತದಲ್ಲಿ ಇದ್ದದ್ದೆಲ್ಲ ಮರ್ಯಾದಸ್ಥ ಫೈಲುಗಳು. ಒಂದೂ ಕೆಟ್ಟದ್ದಿರಲಿಲ್ಲ.

ಖಾತ್ರಿಗೆಂದು ಚೀಟಿಗಳನ್ನು ಐದಕ್ಕೆ ಇಳಿಸಿ ಓಡಿಸಿದಳು. ಐದನೆಯ ಕೆಟ್ಟ ಫೈಲಿಗೆ ನಿಂತಿತು. ಮಧ್ಯಾಹ್ನ ಮೂರೂ ಕಾಲು ಗಂಟೆ.

ತಿದ್ದುಪಡಿ ಎರಡೇ ಸಾಲು. ಕೆಲಸ ಆಗಲಿ, ಕೆಡಲಿ, ಹೋಗುವ ಮೊದಲು ಚೀಟಿ ಕೊಟ್ಟೇ ಹೋಗಬೇಕು. ಬದಲಾವಣೆಯ ಟಿಪ್ಪಣಿಯಲ್ಲಿ 'ಸಣ್ಣ ದುರಸ್ತಿ' ಎಂದು ಬರೆದು ಸೇರಿಸಿದಳು. ನಾಳೆ ಓಡುತ್ತದೆ, ಯಾರಿಗೂ ತೊಂದರೆಯಿಲ್ಲ, ಮಾಮನೂ ಬಚಾವು ಎಂದುಕೊಂಡಳು. ಮ್ಯಾನೇಜರ ಕೋಣೆಯ ಬಾಗಿಲು ತೆರೆದೇ ಇತ್ತು. ಅದರ ಮುಂದೆ ಎರಡು ಸಲ ಹಾದು ನೀರು ಕುಡಿದು ಬಂದಳು.

ಸಂಜೆ ಮಾಮ ಎಲ್ಲವನ್ನೂ ಬಿಚ್ಚಿ, ಒರೆಸಿ, ಮತ್ತೆ ಜೋಡಿಸಿದರು.

ಗುರುವಾರ ನಕಲು ಬೆಳಿಗ್ಗೆ ಶುರುವಾಗಿ ನಾಲ್ಕು ಗಂಟೆಗೆ ಮುಗಿಯಿತು. ಎಂಬತ್ತೊಂಬತ್ತು ಸಾವಿರದ ಒಂಬೈನೂರ ಐವತ್ತಮೂರು ಹೋದವು, ಕೆಟ್ಟವು ನಲವತ್ತೇಳು. ಟೆಸ್ಟಿಂಗ್ ಅಕ್ಕ ಚಪ್ಪಾಳೆ ತಟ್ಟಿದಳು. ಮ್ಯಾನೇಜರು ಹೊರಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು.

"ನೋಡಿದ್ರಾ? ಬಿಚ್ಚಿ ಒರೆಸಿದ್ದೇ ತಡ, ಓಡ್ತು. ಅಂದ್ರೆ ಇಷ್ಟು ದಿನ ಮೆಷೀನನ್ನ ನೋಡ್ಕೊಂಡಿರೋ ರೀತಿ ಹೇಗಿತ್ತು ಅಂತ ಗೊತ್ತಾಯ್ತಲ್ಲ. ಶುಕ್ರವಾರದ ಮೀಟಿಂಗಲ್ಲಿ ಗೋದಾಮಿನ ಕಾಗದ ಕೊಟ್ಟುಬಿಡ್ತೀನಿ."

ಪಿಸು ಮುಚ್ಚಿಟ್ಟು ಮಾಡಿದ ದುರಸ್ತಿಯೇ ಮಾಮನ ಮೇಲಿನ ಸಾಕ್ಷಿಯಾಗಿ ನಿಂತಿತ್ತು. ಬಾಯಿ ತೆರೆದಳು. "ಸರ್..." ಎಂದದ್ದು ಅವಳ ಹಲ್ಲಿನವರೆಗೆ ಬಂದು ಅಲ್ಲೇ ಉಳಿಯಿತು. ಮ್ಯಾನೇಜರು ಆಗಲೇ ಬೆನ್ನು ತಿರುಗಿಸಿದ್ದರು.

ಮನೆಯಲ್ಲಿ ಅಣ್ಣ ಇನ್ನೂ ಬಂದಿರಲಿಲ್ಲ. ಅತ್ತಿಗೆ ಹೊಲಿಗೆ ಯಂತ್ರದ ಮುಂದೆ ಕೂತು ಯಾರದೋ ಪರದೆಗೆ ಅಂಚು ಹೊಲಿಯುತ್ತಿದ್ದಳು. ಪಿಸು ತಟ್ಟೆ ಹಿಡಿದು ಎದುರು ಕೂತಳು.

"ಅತ್ತಿಗೆ, ನಮ್ಮ ಆಫೀಸಲ್ಲಿ ಒಬ್ಬಳಿದ್ದಾಳೆ. ಅವಳು ಮಾಡಿದ ತಪ್ಪು ಇನ್ನೊಬ್ಬರ ತಲೆಗೆ ಬಂದಿದೆ. ಅವಳು ಅದನ್ನ ಸರಿ ಮಾಡಿದಾಳೆ. ಆದ್ರೆ ಹೇಳಿಲ್ಲ."

"ಆ ಒಬ್ಬಳು ತಟ್ಟೆ ಮುಂದಿಟ್ಕೊಂಡು ಹತ್ತು ನಿಮಿಷ ಆಯ್ತು. ಮೊದಲು ಊಟ ಮಾಡೋಕೆ ಹೇಳು ಅವಳಿಗೆ."

ಪಿಸು ಒಂದು ತುತ್ತು ಬಾಯಿಗಿಟ್ಟಳು.

"ಹೇಳೋಕೆ ಏನು ಕಷ್ಟ?" ಎಂದಳು ಅತ್ತಿಗೆ, ದಾರ ಕಚ್ಚಿ ತುಂಡು ಮಾಡುತ್ತ.

"ಎಲ್ರೂ ನೋಡ್ತಾರೆ. ಮಾತು ಹೊರಡಲ್ಲ."

"ನಮ್ಮ ಅಂಗಡಿಗೆ ಬರ್ತಾರಲ್ಲ, ಬ್ಲೌಸ್ ಬಿಗಿ ಅಂತ ಜಗಳ ಮಾಡೋಕೆ? ನಾನು ಮಾತಾಡೋಕೇ ಹೋಗಲ್ಲ. ಟೇಪ್ ಹಿಡಿದು ಅವರ ಮುಂದೆನೇ ಅಳೀತೀನಿ. ಅಳತೆ ಕಂಡ ಮೇಲೆ ಮಾತು ತಾನಾಗೇ ಬರುತ್ತೆ. ನನಗಾದ್ರೂ, ಅವರಿಗಾದ್ರೂ."

ಶುಕ್ರವಾರ ಹತ್ತು ಗಂಟೆಗೆ ಮೀಟಿಂಗು. ಉದ್ದನೆಯ ಮೇಜು, ಗೋಡೆಯ ಮೇಲೆ ದೊಡ್ಡ ಪರದೆ, ಅದಕ್ಕೆ ಜೋಡಿಸಿದ ಮ್ಯಾನೇಜರ ಲ್ಯಾಪ್‌ಟಾಪು; ಬಂದು ಮೂರು ವಾರವಾಗಿತ್ತಷ್ಟೇ, ಮುಚ್ಚಳದ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನೂ ಅವರು ತೆಗೆದಿರಲಿಲ್ಲ. ಮಾಮ ಬಾಗಿಲ ಪಕ್ಕದ ಕುರ್ಚಿಯಲ್ಲಿ, ಇಸ್ತ್ರಿ ಮಾಡಿದ ಅಂಗಿಯಲ್ಲಿ ಕೂತಿದ್ದರು. ಜೇಬಿನಲ್ಲಿ ತಂತಿ ಇರಲಿಲ್ಲ. ಮ್ಯಾನೇಜರ ಮುಂದೆ ಒಂದು ಬಿಳಿ ಲಕೋಟೆ.

ಪಿಸು ಎದ್ದಳು. ಹೋಗಿ ಲ್ಯಾಪ್‌ಟಾಪಿಗೆ ಪೆನ್ ಡ್ರೈವ್ ಚುಚ್ಚಿದಳು.

"ಏನಿದು?" ಎಂದರು ಮ್ಯಾನೇಜರು.

"ಒಂದ್ನಿಮಿಷ ಸರ್."

"ಜೋರಾಗಿ ಹೇಳೇ" ಎಂದಳು ಟೆಸ್ಟಿಂಗ್ ಅಕ್ಕ ಅಭ್ಯಾಸಬಲದಿಂದ.

ಅದರಲ್ಲಿ ನೂರು ನಕ್ಷೆಗಳಿದ್ದವು, ಏಳು ಕೆಟ್ಟವು. ಜೊತೆಗೆ ಹಳೆಯ ಲೈಬ್ರರಿ, ಐದು ಚೀಟಿಗಳೊಂದಿಗೆ. ಓಡಿಸಿದಳು. ಪರದೆಯ ಮೇಲೆ ಅಂಕಿ ಏರಿತು. ಹತ್ತು, ಮೂವತ್ತು, ಐವತ್ತು. ಐವತ್ತೆಂಟಕ್ಕೆ ನಿಂತಿತು. ಎಲ್ಲರೂ ನೋಡಿದರು. ಅರ್ಧ ನಿಮಿಷವಾಯಿತು. ಯಾರೋ ಕೆಮ್ಮಿದರು.

"ಯಾಕೆ ನಿಂತ್ಕೊಳ್ತು? ಇದು ಹೊಸ ಮೆಷೀನು!" ಎಂದರು ಮ್ಯಾನೇಜರು.

"ಮೆಷೀನ್ ಚೆನ್ನಾಗಿದೆ ಸರ್. ಆ ಮೆಷೀನೂ ಚೆನ್ನಾಗಿತ್ತು." ದನಿ ಮೇಜಿನ ಕೊನೆಯವರೆಗೆ ಹೋಯಿತು. "ಕೆಟ್ಟ ಫೈಲ್ ಬಂದ್ರೆ ನನ್ನ ಲೈಬ್ರರಿ ಚೀಟಿ ವಾಪಸ್ ತಗೊಳ್ತಿರಲಿಲ್ಲ. ಚೀಟಿ ಖಾಲಿ ಆದ ತಕ್ಷಣ ಎಲ್ಲಾ ನಿಲ್ಲುತ್ತೆ. ಬುಧವಾರ ನಾನೇ ತಿದ್ದಿದೆ. ನಿನ್ನೆ ಓಡಿದ್ದು ಅದಕ್ಕೆ, ಒರೆಸಿದ್ದಕ್ಕಲ್ಲ."

'ಸಣ್ಣ ದುರಸ್ತಿ' ಎಂಬ ತನ್ನ ಟಿಪ್ಪಣಿಯನ್ನು ಪರದೆಯ ಮೇಲೆ ತೋರಿಸಿ, ತಿದ್ದಿದ ಲೈಬ್ರರಿಯನ್ನು ಅದೇ ಐದು ಚೀಟಿಗಳೊಂದಿಗೆ ಓಡಿಸಿದಳು. ತೊಂಬತ್ತಮೂರು ಹೋದವು, ಏಳು ಕೆಟ್ಟವೆಂದು ತೋರಿಸಿ ಮುಗಿಯಿತು.

"ಕುಣಿಯೋಕೆ ಬರದವಳು ನೆಲ ಡೊಂಕು ಅಂದಳಂತೆ" ಎಂದು ಟೆಸ್ಟಿಂಗ್ ಅಕ್ಕ ಮೆಲ್ಲಗೆ ಅಂದು, ತಕ್ಷಣ ನಾಲಿಗೆ ಕಚ್ಚಿಕೊಂಡಳು. "ಅಲ್ಲ, ನೀನು ಅನ್ನಲಿಲ್ಲ ಬಿಡು. ನಾವೇ ಅಂದಿದ್ದು. ನಾನೂ ಕೆಟ್ಟ ಫೈಲ್ ಹಾಕಿ ನೋಡ್ಲಿಲ್ಲ."

ಮ್ಯಾನೇಜರು ಲಕೋಟೆಯನ್ನು ಎತ್ತಿಕೊಂಡರು, ಮಡಿಸಿದರು, ಇನ್ನೊಂದು ಸಲ ಮಡಿಸಿದರು. ಕ್ಷಮೆ ಕೇಳುವ ಮಾತು ಅವರಿಗೂ ಸುಲಭವಾಗಿ ಹೊರಡುವಂಥದ್ದಲ್ಲ ಎಂಬುದು ಪಿಸುವಿಗೆ ಅವತ್ತೇ ಗೊತ್ತಾಗಿದ್ದು. "ಸರಿ. ಗೋದಾಮಿಗೆ ಬೇರೆಯವರನ್ನ ನೋಡೋಣ" ಎಂದರು ಮಾಮನ ಕಡೆ ಪೂರ್ತಿ ತಿರುಗದೆ. ಆಮೇಲೆ ಪಿಸುವಿಗೆ, "ಏಳು ತಂಡಕ್ಕೂ ನೀನೇ ಪತ್ರ ಬರಿ. ಏನು ತಪ್ಪು, ಯಾರದ್ದು, ಹೇಗೆ ತಿದ್ದೋದು, ಎಲ್ಲಾ. 'ಸಣ್ಣ ದುರಸ್ತಿ' ಅಂತ ಬರೆದ್ರೆ ಒಪ್ಪಲ್ಲ. ಇನ್ನು ಮೇಲೆ ನೀನು ಬರೆದದ್ದನ್ನ ಇನ್ನೊಬ್ಬರು ಓದದೆ ಸೇರಿಸೋ ಹಾಗಿಲ್ಲ."

"ಆಯ್ತು ಸರ್."

ಎಲ್ಲರೂ ಎದ್ದು ಹೋದ ಮೇಲೆ ಅವಳು ಮೆಷೀನು ಕೋಣೆಗೆ ಹೋದಳು. ಮಾಮ ಹೊಳೆಯುವ ಹಾಗೆ ಒರೆಸಿಟ್ಟ ಕಪಾಟಿನ ಮುಂದೆ ನಿಂತಿದ್ದರು. ತಿರುಗಿ ನೋಡಲಿಲ್ಲ.

"ಬುಧವಾರವೇ ಗೊತ್ತಾಗಿತ್ತಾ?"

"ಹೂಂ ಮಾಮ. ಮಧ್ಯಾಹ್ನ."

"ಬುಧವಾರ ರಾತ್ರಿ ನಮ್ಮನೇಲಿ ಯಾರೂ ಸರಿಯಾಗಿ ಊಟ ಮಾಡ್ಲಿಲ್ಲ. ನಿನ್ನೆನೂ ಇಲ್ಲ. ಗೋದಾಮಿಗೆ ಎರಡು ಬಸ್ ಬದಲಾಯಿಸ್ಬೇಕು ಅಂತ ನಿಮ್ಮತ್ತೆ ಲೆಕ್ಕ ಹಾಕ್ತಾ ಕೂತಿದ್ಲು."

ತಪ್ಪಾಯ್ತು ಎಂದಳು ಪಿಸು. ಈ ಸಲ ದನಿ ಅಷ್ಟು ದೂರವೂ ಹೋಗಲಿಲ್ಲ, ಆದರೆ ಮಾಮನಿಗೆ ಕೇಳಿಸಿತು. ಅವರು ಕಪಾಟನ್ನು ಇನ್ನೊಂದು ಸಲ ಒರೆಸತೊಡಗಿದರು. ಅವಳು ಹೋಗಲಿಲ್ಲ.

"ಆ ನಲವತ್ತೇಳು ಖಾಲಿ ಫೈಲಿನ ಕಾಗದದ ನಕ್ಷೆ ಕೆಳಗಿನ ಕೋಣೆಯಲ್ಲಿದೆ. ಮತ್ತೆ ಸ್ಕ್ಯಾನ್ ಮಾಡ್ಬೇಕು. ನನ್ನ ಕಣ್ಣಿಗೆ ಆ ಸಣ್ಣ ನಂಬರ್ ಕಾಣಲ್ಲ" ಎಂದರು ಕೊನೆಗೆ.

"ನಾನು ಓದ್ತೀನಿ ಮಾಮ."

"ಕೇಳೋ ಹಾಗೆ ಓದ್ಬೇಕು."

ಅವಳು ಆ ನಲವತ್ತೇಳರ ಪಟ್ಟಿ ತರಲು ಹೋದಳು.