ಬಲಗಡೆಯಿಂದ ಎಳೆದ ಕೇಬಲ್

ಕೊಲ್ಲಿ ಕಪ್ಪಿನ ಸೆಮಿಫೈನಲ್‌ನಲ್ಲಿ ನಮ್ಮ ಕುವೈತ್ ಹೊಡೆದ ಗೋಲು, ಕಣ್ಣಿಗಿಂತ ಮೊದಲು ಕಿವಿಗೆ ಬಿದ್ದಿತು. ಅಂಗಳದಾಚೆ, ಗಂಡಸರು ಸೇರುವ ದೀವಾನಿಯಾದಲ್ಲಿ ಕೂಗೆದ್ದಿತ್ತು. ಇಂಟರ್‌ನೆಟ್ ನಂಬಿ ಕುಳಿತಿದ್ದ ಹೆಂಗಸರ ಕೋಣೆಯ ಪರದೆಯಲ್ಲಿ ಚೆಂಡು ಇನ್ನೂ ಮೈದಾನದ ನಡುವೆ ಉರುಳುತ್ತಿತ್ತು. ಫೈನಲನ್ನು ಹೀಗೆ ತಂಗಳಾಗಿ ಉಣ್ಣಲಾರೆನೆಂದು ಅಂದೇ ನಿಶ್ಚಯಿಸಿದೆ. ಚಾನೆಲ್ಲಿನ ಚಂದಾ ಕಾರ್ಡು ಮನೆಗೊಂದೇ, ಅದೂ ನನ್ನ ಹೆಸರಿನಲ್ಲಿ. ಆದರೆ ಅದನ್ನು ತೂರಿಸಿದ್ದ ರಿಸೀವರ್ ತಮ್ಮ ಬರ್ರಾಕನ ದೀವಾನಿಯಾದಲ್ಲಿತ್ತು. ಅಲ್ಲಿಂದ ನಮ್ಮ ಪ್ರೊಜೆಕ್ಟರಿಗೆ ಕೇಬಲ್ ಎಳೆಯಬೇಕಿತ್ತು.

"ಗೆದ್ರೆ ನಾನೇ ಬಂದು ಹೇಳ್ತೀನಿ ಬಿಡಕ್ಕ," ಎಂದ ಬರ್ರಾಕ್.

"ನಿನ್ನ ಬಾಯಲ್ಲಿ ಕೇಳೋಕೇನೋ ನಾನು ಪ್ರೊಜೆಕ್ಟರ್ ತಂದಿದ್ದು?"

ನೆರೆಮನೆಯ ಮೌಧಿಯೊಡನೆ ಹವಲ್ಲಿಯ ಪೇಟೆಗೆ ಹೋದೆ. ಅಂಗಡಿಯವನು ಚಿತ್ರವನ್ನು ಎರಡು ಕಡೆಗೆ ಹಂಚುವ ಪೆಟ್ಟಿಗೆ ಕೊಟ್ಟು, ಬೆರಳು ದಪ್ಪದ ತಾಮ್ರದ ಕೇಬಲನ್ನು ಮುಂದಿಟ್ಟ. ತುದಿಗೆ ಚಿನ್ನದ ಲೇಪ.

"ಅರಮನೆಗೆ ಹೋಗೋ ಮಾಲು ಅಮ್ಮಾ."

"ಅರಮನೆ ಮಾತು ಬಿಡು. ನನ್ನ ಅಂಗಳ ದಾಟುತ್ತಾ ತೋರಿಸು."

ಪೂರ್ತಿ ಬಿಚ್ಚಿ, ಅಂಗಡಿಯ ಟಿವಿಗೆ ಜೋಡಿಸಿದ ಹೊರತು ಕೊಳ್ಳುವುದಿಲ್ಲವೆಂದೆ. ಗೊಣಗುತ್ತ ಜೋಡಿಸಿದ. ಚಿತ್ರ ಮಿನುಗಿತು, ಮಾಯವಾಯಿತು, ಮತ್ತೆ ಮಿನುಗಿತು.

"ಅರಮನೇಲಿ ಕರೆಂಟ್ ಹೋಯ್ತೇನಪ್ಪಾ?" ಎಂದಳು ಮೌಧಿ.

ಆತ ಹುಬ್ಬು ಗಂಟಿಕ್ಕಿ, ಒಳಗಿನಿಂದ ಗಾಜಿನೆಳೆಯ ಕೇಬಲ್ ತಂದ; ಶ್ಯಾವಿಗೆಯಂತೆ ಸಪೂರ. ಅದರಲ್ಲಿ ಚಿತ್ರ ಕದಲದೆ ನಿಂತಿತು. ಆದರೆ ಅದು ಏಕಮುಖ: ಒಂದು ತುದಿ ರಿಸೀವರಿಗೆ, ಇನ್ನೊಂದು ಪ್ರೊಜೆಕ್ಟರಿಗೆ; ಅದಲುಬದಲಾದರೆ ಕತ್ತಲೆ. ಯಾವುದು ಯಾವುದೆಂದು ತುದಿಗಳ ಮೇಲೆಯೇ ಬರೆದಿತ್ತು.

ಮನೆಗೆ ತಂದಾಗ ಬರ್ರಾಕ್ ಅದನ್ನೆತ್ತಿ ನಕ್ಕ. "ಇದೇನಕ್ಕ, ಅಬಾಯಾ ಹೊಲಿಯೋ ದಾರಾನಾ?"

ಆದರೂ ತನ್ನ ದೀವಾನಿಯಾದ ಕೆಲಸಕ್ಕೆ ಪರರು ಕೈಹಚ್ಚಬಾರದೆಂದು ತಾನೇ ಮುಂದಾದ.

"ತುದಿ ಮೇಲೆ ಬರ್ದಿದೆ, ಓದೋ."

"ಇಲ್ಲಿ ಕಾಫಿ ಕೊಡೋದು ಬಲಗಡೆಯಿಂದ, ಒಳಗಿಡೋದು ಬಲಗಾಲು. ಕೇಬಲ್ಲೂ ಬಲಗಡೆಯಿಂದಾನೇ!" ಬಿಸ್ಮಿಲ್ಲಾ ಎಂದು, ಸುರುಳಿಯ ಬಲಕ್ಕೆ ಬಿದ್ದಿದ್ದ ತುದಿಯನ್ನು ಅಂಗಳದ ಕಲ್ಲುಹಾಸಿನಡಿ ನಮ್ಮ ಕೋಣೆಯತ್ತ ತೂರಿಸಿ, ಮೇಲೆ ಸಿಮೆಂಟ್ ಮೆತ್ತಿಸಿದ.

ಫೈನಲ್‌ನ ಸಂಜೆ ನಮ್ಮ ಪರದೆ ಬೆಳಗಲಿಲ್ಲ. ನಮ್ಮ ಗೋಡೆಯಿಂದ ಹೊರಬಂದಿದ್ದದ್ದು ರಿಸೀವರಿಗೆ ಸೇರಬೇಕಾದ ತುದಿ.

"ದಾರ ಅಂತ ಹೇಳ್ಲಿಲ್ವಾ?" ಬರ್ರಾಕ್ ಬಾಗಿಲಲ್ಲಿ ನಿಂತಿದ್ದ. "ಅತಿಥಿಗಳು ಬಂದಾಯ್ತು, ಈಗ ನೆಲ ಒಡೆಯೋಕಾಗಲ್ಲ."

"ಒಡೆಯೋದ್ಯಾಕೆ? ನೀನು ಹಾಕಿರೋ ಕೇಬಲ್ ನಮ್ಮಿಂದ ನಿಮ್ಮ ಕಡೆಗೆ ಹೋಗುತ್ತೆ. ರಿಸೀವರ್ ಇಲ್ಲಿಗೆ ತಾ."

"ದೀವಾನಿಯಾದ್ದು ಹೆಂಗಸರ ಕೋಣೆಗಾ? ಜನ ಏನಂತಾರಕ್ಕ!"

ನಾನು ಅಬಾಯಾ ಹೊದ್ದು ಅಂಗಳ ದಾಟಿದೆ. ಹೆಣ್ಣು ಕಾಲಿಡದ ಆ ದೀವಾನಿಯಾದಲ್ಲಿ ಸಲಾಂ ಹೇಳಿದೆ. ಹಿರಿಯಳಿಗೆ ಕುಳಿತು ಉತ್ತರಿಸುವುದುಂಟೆ? ಎಲ್ಲರೂ ಎದ್ದುನಿಂತರು. ರಿಸೀವರಿನಿಂದ ಕಾರ್ಡನ್ನು ಕಿತ್ತೆ. ಅವರ ಪರದೆಯೂ ಕಪ್ಪಾಯಿತು.

"ಕಾರ್ಡು ನನ್ನ ಕೋಣೇಲಿರುತ್ತೆ. ಬೇಕಾದವರು ಪೆಟ್ಟಿಗೆ ಹೊತ್ತು ತನ್ನಿ."

ರಿಸೀವರನ್ನೂ ಚಿತ್ರ ಹಂಚುವ ಪೆಟ್ಟಿಗೆಯನ್ನೂ ಬರ್ರಾಕನೇ ಹೊತ್ತು ತಂದ. ನನ್ನ ಯಜಮಾನರ ಕಾಲದ ಡಿಶ್ ತಂತಿ ನಮ್ಮ ಕಿಟಕಿಯಲ್ಲಿ ಇದ್ದೇ ಇತ್ತು. ಎರಡೂ ಪರದೆಗಳು ಒಮ್ಮೆಗೇ ಬೆಳಗಿದವು. ರಿಮೋಟ್ ಮಾತ್ರ ನನ್ನ ಮಡಿಲಲ್ಲಿತ್ತು.

ವಿರಾಮದಲ್ಲಿ ಮೌಧಿ ಅದನ್ನೆತ್ತಿಕೊಂಡು ಮದುವೆ ಉಡುಪಿನ ಕಾರ್ಯಕ್ರಮ ಹಾಕಿದಳು. ಬರ್ರಾಕ್ ಓಡಿಬಂದ.

"ಅಕ್ಕಾ, ಮ್ಯಾಚ್ ಹಾಕಕ್ಕ! ಅತಿಥಿಗಳು ಲಂಗ ನೋಡ್ತಾ ಕೂತಿದ್ದಾರೆ!"

"ನೋಡ್ಲಿ. ಮ್ಯಾಚ್ ಶುರುವಾದಾಗ ಹಾಕ್ತೀನಿ."

ಹಾಕಿದೆ. ಗೋಲು ಬಿದ್ದಾಗ ದೀವಾನಿಯಾದವರು ಕೂಗಿದರೋ ಇಲ್ಲವೋ ತಿಳಿಯದು. ನಮ್ಮ ಕೂಗಿನಲ್ಲಿ ಅದು ಕೇಳಿಸಲಿಲ್ಲ.